ಸುರತ್ಕಲ್–ಪಣಂಬೂರು ಸುತ್ತ ರೈಲು, ಹಡಗಿನ ಫೋಟೋ: ಬೋಗಿ ವಾಲುತ್ತದೆ, ಹಡಗು ಕರಗುತ್ತದೆ, ತಪ್ಪು ಎಲ್ಲಿ?

ಪಡುಗಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸುರತ್ಕಲ್ಲಿನಿಂದ ಪಣಂಬೂರಿನವರೆಗಿನ ಏಳೆಂಟು ಕಿಲೋಮೀಟರಿನೊಳಗೆ ಕೊಂಕಣ ರೈಲ್ವೆಯ ಹಳಿಯೂ ನವಮಂಗಳೂರು ಬಂದರೂ ಎರಡೂ ಸಿಗುತ್ತವೆ. ಹಾಗಾಗಿ ಒಂದೇ ಬೆಳಿಗ್ಗೆ ರೈಲು, ಹಡಗು ಎರಡರ ಫೋಟೋ ತೆಗೆಯುವುದು ನನ್ನ ಲೆಕ್ಕಾಚಾರ. ಕೈಯಲ್ಲಿರುವುದು 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಸ್ವಲ್ಪ ಚಿಕ್ಕದು) ಮಿರರ್‌ಲೆಸ್ ಕ್ಯಾಮೆರಾ, 18–55 ಮತ್ತು 55–250 ಮಿ.ಮೀ. ಲೆನ್ಸ್.

ತೊಂದರೆ ಇವು. ವಂದೇ ಭಾರತ್ ಗಾಡಿಯನ್ನು ಪಕ್ಕದಿಂದ ತೆಗೆದರೆ ಕಿಟಕಿಗಳೆಲ್ಲ ಒಂದು ಬದಿಗೆ ವಾಲಿದ ಹಾಗೆ ಬರುತ್ತವೆ. ಸೈಲೆಂಟ್ ಮೋಡ್, ಶಟರ್ 1/2000 ಇತ್ತು, ಹಾಗಾಗಿ ವೇಗ ಸಾಲಲಿಲ್ಲ ಎನ್ನುವಂತಿಲ್ಲ. ಎದುರಿನಿಂದ ತೆಗೆದರೆ ಹೆಡ್‌ಲೈಟ್ ಮಾತ್ರ ಬೆಳ್ಳಗೆ, ಎಂಜಿನ್ ಕಪ್ಪು. ಎಲ್‌ಇಡಿ ಬೋರ್ಡಿನ ಅಕ್ಷರ ಅರ್ಧರ್ಧ. ಹಡಗುಗಳನ್ನು ಮಧ್ಯಾಹ್ನ 12ರ ಸುಮಾರಿಗೆ 250ರಲ್ಲಿ ತೆಗೆದರೆ ಮೇಣ ಕರಗಿದಂತೆ ಅಂಚುಗಳೇ ಇಲ್ಲ. 150–600 ಲೆನ್ಸ್ ಕೊಂಡರೆ ಇದು ಸರಿಯಾಗುತ್ತದೆಯೇ? ಇನ್ನೊಂದು, ಕಾನೂನಿನ ತಕರಾರಿಲ್ಲದೆ ಎಲ್ಲಿ ನಿಲ್ಲಬಹುದು?

ಹಳಿಬದಿ

ಮೊದಲು ಸೈಲೆಂಟ್ ಮೋಡ್ ತೆಗೆಯಿರಿ. ಕಿಟಕಿ ವಾಲುವುದಕ್ಕೂ ನೀವು ಇಟ್ಟ 1/2000ಕ್ಕೂ ಸಂಬಂಧವೇ ಇಲ್ಲ. ಆ ಮೋಡಿನಲ್ಲಿ ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಶಟರ್, ಅದರಲ್ಲಿ ಸೆನ್ಸರ್ ತನ್ನ ಸಾಲುಗಳನ್ನು ಒಂದರ ನಂತರ ಒಂದರಂತೆ ಓದುತ್ತದೆ. ಸಾಮಾನ್ಯ ಸೆನ್ಸರಿಗೆ ಇಡೀ ಚಿತ್ರ ಓದಿ ಮುಗಿಸಲು ಸುಮಾರು 1/30 ಸೆಕೆಂಡು ಹಿಡಿಯುತ್ತದೆ. ಗಂಟೆಗೆ 100 ಕಿ.ಮೀ. ಓಡುವ ಗಾಡಿ ಸೆಕೆಂಡಿಗೆ 27.8 ಮೀಟರ್ ಹೋಗುತ್ತದೆ, ಅಂದರೆ ಓದಿ ಮುಗಿಯುವಷ್ಟರಲ್ಲಿ 90 ಸೆಂ.ಮೀ. ಮುಂದೆ ಹೋಗಿಯಾಗಿರುತ್ತದೆ. ಬೋಗಿ ನಿಮ್ಮ ಚಿತ್ರದ ಅರ್ಧ ಎತ್ತರ ತುಂಬಿದ್ದರೆ ಅದರ ತಲೆಗೂ ಬುಡಕ್ಕೂ 45 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅದೇ ವಾಲು. ಮೆಕ್ಯಾನಿಕಲ್ ಶಟರಿನ ಪರದೆ 1/200–1/250 ಸೆಕೆಂಡಿನಲ್ಲಿ ದಾಟಿಬಿಡುವುದರಿಂದ ಇದೇ ವ್ಯತ್ಯಾಸ ಆರೇಳು ಸೆಂ.ಮೀ.ಗೆ ಇಳಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕಡಿಮೆ ಬೆಲೆಯ ಕೆಲವು ಮಿರರ್‌ಲೆಸ್‌ಗಳಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಇರುವುದಿಲ್ಲ, ‘ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್’ ಎಂದಷ್ಟೇ ಇರುತ್ತದೆ. ಈ ಕೆಲಸಕ್ಕೆ ಅದೂ ಸಾಕು.

ಹೆಡ್‌ಲೈಟಿನ ಸಮಸ್ಯೆಗೆ ಮದ್ದು ಮ್ಯಾನುಯಲ್ ಎಕ್ಸ್‌ಪೋಷರ್. ಆಟೋದಲ್ಲಿ ಬಿಟ್ಟರೆ ಮೀಟರ್ ಲೈಟನ್ನು ನೋಡಿ ‘ಬೆಳಕು ಜಾಸ್ತಿಯಾಯಿತು’ ಎಂದು ಉಳಿದದ್ದನ್ನೆಲ್ಲ ಕತ್ತಲು ಮಾಡುತ್ತದೆ. ಗಾಡಿ ಬರುವ ಮೊದಲೇ, ಅದು ಬಂದು ನಿಲ್ಲುವ ಬೆಳಕಿನಲ್ಲೇ ಇರುವ ಹುಲ್ಲನ್ನೋ ಜಲ್ಲಿಯನ್ನೋ ನೋಡಿ ಅಳತೆ ಹಿಡಿದು ಬೀಗ ಹಾಕಿಬಿಡಿ. ಮೋಡವಿಲ್ಲದ ಬೆಳಿಗ್ಗೆ 9ರ ಬಿಸಿಲಿಗೆ ಐಎಸ್‌ಒ 400, ಎಫ್/8, 1/1600 ಇಟ್ಟು ಶುರು ಮಾಡಿ. ಬಿಳಿ ಬಣ್ಣದ ಗಾಡಿಯಾದರೆ ಅದಕ್ಕಿಂತ ಅರ್ಧ ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಬಿಳಿ ಒಮ್ಮೆ ಸುಟ್ಟುಹೋದರೆ ರಾ ಫೈಲಿನಲ್ಲೂ (ಕ್ಯಾಮೆರಾ ತಿದ್ದದ ಮೂಲ ಫೈಲು) ವಾಪಸ್ ಬರುವುದಿಲ್ಲ, ಕಪ್ಪನ್ನು ಮಾತ್ರ ಎತ್ತಬಹುದು.

ಎಲ್‌ಇಡಿ ಬೋರ್ಡು ನಿಮ್ಮ ಕಣ್ಣಿಗೆ ಸತತ ಉರಿದಂತೆ ಕಂಡರೂ ಅದರ ಸಾಲುಗಳು ಸರದಿಯಲ್ಲಿ ಹತ್ತಿ ಆರುತ್ತಿರುತ್ತವೆ. 1/1600ರಲ್ಲಿ ಸಿಗುವುದು ಆ ಕ್ಷಣಕ್ಕೆ ಹತ್ತಿದ್ದ ಸಾಲು ಮಾತ್ರ. ಅಕ್ಷರ ಪೂರ್ತಿ ಬೇಕಾದರೆ 1/60ರಿಂದ 1/125ಕ್ಕೆ ಇಳಿಯಬೇಕು, ಓಡುವ ಗಾಡಿಗೆ ಅದು ಆಗದ ಮಾತು. ನಿಂತ ಗಾಡಿಯಲ್ಲಿ ಬೋರ್ಡು, ಓಡುವ ಗಾಡಿಯಲ್ಲಿ ಎಂಜಿನ್ ಎಂದು ಹಂಚಿಕೊಳ್ಳಿ. ಎರಡನ್ನೂ ಒಂದರಲ್ಲೇ ಹಿಡಿಯಲು ಹೋದರೆ ಎರಡೂ ಕೆಡುತ್ತವೆ.

ಇನ್ನು ಜಾಗ. ಸೆಟ್ಟಿಂಗಿಗಿಂತ ಚಿತ್ರವನ್ನು ಹೆಚ್ಚು ನಿರ್ಧರಿಸುವುದು ಇದೇ. ಕೊಂಕಣ ರೈಲ್ವೆಯ ಪೂರ್ತಿ ವಿದ್ಯುದೀಕರಣ 2022ರಲ್ಲಿ ಮುಗಿದಿದೆ, ಹಾಗಾಗಿ ಈಗ ಎಲ್ಲೆಲ್ಲೂ ಕಂಬ. ಆದರೆ ಇಲ್ಲಿ ಹಳಿ ಒಂದೇ ಸಾಲು, ಸ್ಟೇಷನ್ನಿನ ಹೊರಗೆ ಒಂದು ಜಾಗದಲ್ಲಿ ಕಂಬ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಕಂಬವಿಲ್ಲದ ಬದಿ ಹುಡುಕಿ. ಅದು ಬಿಸಿಲಿನ ಬದಿಯೂ ಆಗಿರಬೇಕು. ಅದಕ್ಕೇ ಒಳ್ಳೆಯ ಜಾಗಗಳು ಕಡಿಮೆ. ಕಂಬದ ಬದಿಯಲ್ಲೇ ನಿಲ್ಲಬೇಕಾಗಿ ಬಂದರೆ ಎಂಜಿನ್ನಿನ ಮೂತಿ ಎರಡು ಕಂಬಗಳ ನಡುವಿನ ಖಾಲಿಗೆ ಬಂದಾಗ ಒತ್ತಿ. ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾದಲ್ಲೂ 100 ಕಿ.ಮೀ. ವೇಗದ ಗಾಡಿ ಪ್ರತಿ ಚಿತ್ರಕ್ಕೂ 2.8 ಮೀಟರ್ ಮುಂದೆ ಬಂದಿರುತ್ತದೆ. ಬರ್ಸ್ಟ್ ನಂಬಿ ಕೂತರೆ ಬೇಕಾದ ಜಾಗ ಎರಡು ಚಿತ್ರಗಳ ನಡುವೆ ತಪ್ಪಿಹೋಗುತ್ತದೆ. ಒಂದು ಗುರುತು ನೋಡಿಟ್ಟುಕೊಂಡು, ಅಲ್ಲಿಗೆ ಮೂತಿ ಬರುವ ತುಸು ಮೊದಲು ಒತ್ತಲು ಶುರು ಮಾಡಬೇಕು.

ನಮ್ಮ ಕಡೆ ಹಳಿ ಹೆಚ್ಚುಕಡಿಮೆ ಬಡಗು–ತೆಂಕಾಗಿ ಹೋಗುತ್ತದೆ. ಬೆಳಿಗ್ಗೆ ಹಳಿಯ ಮೂಡು ಬದಿ, ಸಂಜೆ ಪಡು ಬದಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮೂತಿಯ ಬೆಳಕು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತೆಂಕಿಗೆ ವಾಲಿರುವುದರಿಂದ ಮಂಗಳೂರಿನ ಕಡೆಗೆ ಬರುವ ಗಾಡಿಗಳ ಮೂತಿಗೆ ಬಿಸಿಲು ಬೀಳುತ್ತದೆ, ಉಡುಪಿ ಕಡೆಗೆ ಹೋಗುವವುಗಳ ಮೂತಿ ನೆರಳಿನಲ್ಲಿ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ತಲೆಯ ಬಡಗು ಬದಿಗೆ ದಾಟುತ್ತಾನೆ. ಉಡುಪಿ ಕಡೆಗೆ ಹೋಗುವ ಗಾಡಿಗಳಿಗೆ ಮೇ ತಿಂಗಳ ಬೆಳಿಗ್ಗೆಯೇ ಒಳ್ಳೆಯ ಕಾಲ. ಜೂನ್ ಬಂದರೆ ಮಳೆ, ಆಮೇಲೆ ಬಿಸಿಲಿನ ಲೆಕ್ಕವೇ ಬೇಡ.

ಚಿತ್ರ ನೆಟ್ಟಗೆ ನಿಲ್ಲಿಸುವಾಗ ಗಾಡಿಯನ್ನು ನೋಡಬೇಡಿ, ಕಂಬವನ್ನು ನೋಡಿ. ತಿರುವಿನಲ್ಲಿ ಹೊರಬದಿಯ ಹಳಿಯನ್ನು ಎತ್ತರಿಸಿರುತ್ತಾರೆ, ಗಾಡಿ ಒಳಕ್ಕೆ ವಾಲಿಯೇ ಹೋಗುತ್ತದೆ. ಆ ವಾಲು ನಿಜವಾದದ್ದು, ತಿದ್ದಬಾರದು.

ಇಷ್ಟು ಹತ್ತಿರದಲ್ಲಿದ್ದು ರೋರೋ ಬಿಡಬೇಡಿ ಮಾರಾಯ್ರೆ. ಸರಕು ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್ನಿನ ಮೇಲೆ ಹೇರಿ ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೋಲಾಡಿಗೆ ಒಯ್ಯುವ ಗಾಡಿ ಅದು. ಕೊಂಕಣ ರೈಲ್ವೆ ಈ ಪದ್ಧತಿ ಶುರು ಮಾಡಿದ್ದು 1999ರಲ್ಲಿ. ಇದಕ್ಕೆ ಮೂತಿಯ ಚಿತ್ರ ಸಾಲದು. ಲಾರಿಗಳ ಸಾಲು ಕಾಣುವಂತೆ ಪಕ್ಕದಿಂದ, ಸ್ವಲ್ಪ ಎತ್ತರದಿಂದ, 30–40 ಮಿ.ಮೀ.ನಲ್ಲಿ ತೆಗೆಯಿರಿ.

ಲಂಗರುದಾಣ

ಹಡಗಿನ ಪಾಲು ನಾನು ಹೇಳುತ್ತೇನೆ. 150–600 ಈಗಲೇ ಕೊಳ್ಳಬೇಡಿ. ಮೇಣ ಕರಗಿದಂತೆ ಕಾಣುವುದು ಲೆನ್ಸಿನ ದೋಷವಲ್ಲ. ಕಾದ ಮರಳಿನ ಮೇಲಿನ ಬಿಸಿಗಾಳಿ, ಅದರಾಚೆ ನೀರಿನ ಮೇಲಿನ ತಂಪುಗಾಳಿ ಕಲಸಿಕೊಂಡು ಬೆಳಕನ್ನು ಕುಣಿಸುತ್ತವೆ. 600 ಮಿ.ಮೀ. ಹಾಕಿದರೆ ಆ ಕುಣಿತವೇ ದೊಡ್ಡದಾಗಿ ಬರುತ್ತದೆ. ಶಟರ್ ಎಷ್ಟು ಏರಿಸಿದರೂ, ಟ್ರೈಪಾಡ್ ಹಾಕಿದರೂ ಹೋಗುವುದಿಲ್ಲ. ಹೊತ್ತು ಹುಟ್ಟಿದಾಗಿನಿಂದ ಬೆಳಿಗ್ಗೆ 8.30ರೊಳಗೆ ಮುಗಿಸಿ. ಮಳೆ ಬಂದು ಬಿಟ್ಟ ಮರುದಿನ ಇನ್ನೂ ಒಳ್ಳೆಯದು, ಗಾಳಿಯ ದೂಳು ತೊಳೆದುಹೋಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ದೂರ ಕಡಿಮೆ ಮಾಡಿ.

ನಿಮ್ಮ ಲೆನ್ಸಿನ ಲೆಕ್ಕ ನೋಡಿ. 200 ಮೀಟರ್ ಉದ್ದದ ಹಡಗು 4 ಕಿ.ಮೀ. ದೂರದಲ್ಲಿ ಅಡ್ಡ ನಿಂತಿದ್ದರೆ 250 ಮಿ.ಮೀ. ಲೆನ್ಸಿನಲ್ಲಿ ಸೆನ್ಸರಿನ ಮೇಲೆ 12.5 ಮಿ.ಮೀ. ಉದ್ದಕ್ಕೆ ಬರುತ್ತದೆ, ಅಂದರೆ ಚಿತ್ರದ ಅರ್ಧಕ್ಕಿಂತ ಹೆಚ್ಚು ಅಗಲ. ಅದು ಸಾಕು. ಅದೇ ಹಡಗು 10 ಕಿ.ಮೀ.ನಲ್ಲಿದ್ದರೆ 5 ಮಿ.ಮೀ. ಮಾತ್ರ. ಅದಕ್ಕೂ ದೂರ ಹೋದರೆ ಭೂಮಿಯ ಉಬ್ಬೇ ಅಡ್ಡ ಬರುತ್ತದೆ. ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 5 ಕಿ.ಮೀ.ಗೆ ಮುಗಿಯುತ್ತದೆ. 15 ಕಿ.ಮೀ. ದೂರದ ಹಡಗಿನ ಕೆಳಗಿನ ಆರೇಳು ಮೀಟರ್ ನೀರಿನ ಮರೆಗೆ ಹೋಗಿರುತ್ತದೆ. ಮುಳುಗುತ್ತಿರುವಂತೆ ಕಾಣುವ ಹಡಗುಗಳ ಗುಟ್ಟು ಇದು. ಲೆನ್ಸಿಗೆ ಹಾಕುವ ದುಡ್ಡಿಗಿಂತ ಎತ್ತರದ ಜಾಗ ಹುಡುಕಿದರೆ ಲಾಭ.

ಬಂದರಿನ ಬಾಯಿ ಪಡುವಣಕ್ಕಿದೆ, ಪಣಂಬೂರು ಬೀಚು ಅದರ ತೆಂಕು ಬದಿಗೆ. ಬೀಚಿನಲ್ಲಿ ನಿಂತು ಹಡಗು ಒಳಬರುವುದನ್ನು ನೋಡುವಾಗ ನೀವು ವಾಯವ್ಯಕ್ಕೆ ಮುಖ ಮಾಡಿರುತ್ತೀರಿ, ಬೆಳಗಿನ ಸೂರ್ಯ ಬೆನ್ನ ಹಿಂದೆ. ಚಳಿಗಾಲದಲ್ಲಿ ಸೂರ್ಯ ತೆಂಕಿನಲ್ಲೇ ಇರುವುದರಿಂದ ಮಧ್ಯಾಹ್ನದವರೆಗೂ ಹಡಗಿನ ಈಚೆ ಬದಿಗೆ ಬೆಳಕಿರುತ್ತದೆ. ಬೇಗೆಯ ಕಾಟವಿಲ್ಲದ ದಿನ ಇದು ಉಪಯೋಗಕ್ಕೆ ಬರುತ್ತದೆ. ಸುರತ್ಕಲ್ ಬದಿಯಿಂದ ತೆಂಕಿಗೆ ನೋಡಿದರೆ ಎಲ್ಲ ಉಲ್ಟಾ, ಚಳಿಗಾಲದಲ್ಲಿ ಹಡಗು ಬರೀ ನೆರಳಿನಾಕಾರ.

ಲಂಗರು ಹಾಕಿದ ಹಡಗು ಯಾವ ಬದಿಗೆ ಮುಖ ಮಾಡಿರುತ್ತದೆ ಎಂಬುದನ್ನೂ ಮೊದಲೇ ಅಂದಾಜು ಮಾಡಬಹುದು. ಖಾಲಿ ಹಡಗಿನ ಒಡಲು ನೀರಿನಿಂದ ಎತ್ತರಕ್ಕೆದ್ದು ನಿಲ್ಲುವುದರಿಂದ ಅದು ಗಾಳಿಗೆ ಎದುರಾಗಿ ತಿರುಗುತ್ತದೆ. ಬೆಳಿಗ್ಗೆ ನೆಲಗಾಳಿ ಬೀಸುತ್ತಿದ್ದರೆ ಮೂತಿ ನಮ್ಮ ಕಡೆಗೆ, ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಹಿಂಭಾಗ ನಮ್ಮ ಕಡೆಗೆ. ಸರಕು ತುಂಬಿ ತಗ್ಗಿದ ಹಡಗು ಗಾಳಿಗಿಂತ ನೀರಿನ ಸೆಳೆತಕ್ಕೆ ಹೆಚ್ಚು ಒಗ್ಗುತ್ತದೆ. ಒಂದೇ ಜಾಗದಲ್ಲಿ ಎರಡು ಹಡಗು ಬೇರೆ ಬೇರೆ ದಿಕ್ಕಿಗೆ ನಿಂತಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಸೆಟ್ಟಿಂಗಿನಲ್ಲಿ ಹೇಳುವುದು ಹೆಚ್ಚಿಲ್ಲ. ಬಂದರಿನ ಬಾಯಿಯಲ್ಲಿ ಹಡಗಿನ ವೇಗ 8 ನಾಟ್ ಎಂದರೆ ಸೆಕೆಂಡಿಗೆ 4 ಮೀಟರ್. ಹಡಗನ್ನು ಹಿಡಿದು ನಿಲ್ಲಿಸಲು 1/250 ಸಾಕು, ಆದರೆ ಕಡಲಗಾಳಿಗೆ ನಿಮ್ಮ ಲೆನ್ಸೇ ಅಲುಗುವುದರಿಂದ 1/640 ಇಡಿ. ದಿಗಂತ ಓರೆಯಾದರೆ ಹಡಗಿನ ಚಿತ್ರದಲ್ಲಿ ಬೇರೆ ಏನೂ ಕಾಣುವುದಿಲ್ಲ, ಹಾಗಾಗಿ ಪರದೆಯಲ್ಲಿ ಲೆವೆಲ್ ಗೆರೆ ಯಾವಾಗಲೂ ಹಾಕಿರಲಿ.

ಪಡುಗಾಳಿ

ಇಬ್ಬರಿಗೂ ತುಂಬ ಧನ್ಯವಾದ. ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿದ ಮೇಲೆ ವಾಲು ಹೋಯಿತು. ಎರಡು ಪ್ರಶ್ನೆ ಉಳಿದಿವೆ. 1/1000ರಲ್ಲಿ ಮುಕ್ಕಾಲು ಎದುರಿನಿಂದ (ತುಸು ಓರೆಯಾಗಿ) ತೆಗೆದ ಗಾಡಿ ಸ್ಪಷ್ಟ, ಅದೇ ಗಾಡಿಯನ್ನು ರಸ್ತೆಯ ಗೇಟಿನಿಂದ ಅಡ್ಡಲಾಗಿ ತೆಗೆದರೆ ಮಸುಕು. ಯಾಕೆ? ಮತ್ತೆ, ಹೆಸರು ಓದಲಾಗದಷ್ಟು ದೂರದ ಹಡಗನ್ನು ಗುರುತಿಸುವುದು ಹೇಗೆ?

ಹೋಂ ಸಿಗ್ನಲ್

ಮೊದಲನೆಯದಕ್ಕೆ ಉತ್ತರ ಕೋನದಲ್ಲಿದೆ. 50 ಮಿ.ಮೀ. ಲೆನ್ಸ್, ಗಾಡಿ 30 ಮೀಟರ್ ದೂರ, ವೇಗ 100 ಕಿ.ಮೀ. ಎಂದುಕೊಳ್ಳಿ. 1/1000ರಲ್ಲಿ ಗಾಡಿ 2.8 ಸೆಂ.ಮೀ. ಸರಿಯುತ್ತದೆ. ಅಡ್ಡಲಾಗಿ ನೋಡಿದರೆ ಅದು ನಿಮ್ಮ ಸೆನ್ಸರಿನ ಮೇಲೆ ಸುಮಾರು 12 ಪಿಕ್ಸೆಲ್ ಮಸುಕು. ಹಳಿಗೆ 15 ಡಿಗ್ರಿ ಕೋನದಲ್ಲಿ ನೋಡಿದರೆ ಅದರ ಕಾಲುಭಾಗ, ಅಂದರೆ 3 ಪಿಕ್ಸೆಲ್. ಅಡ್ಡಕ್ಕೆ 1/4000 ಬೇಕಾಗುತ್ತದೆ. ಅಷ್ಟು ಬೆಳಕಿಲ್ಲದಿದ್ದರೆ ಪೂರ್ತಿ ಉಲ್ಟಾ ಹೋಗಿ. 1/60 ಇಟ್ಟು ಗಾಡಿಯ ಜೊತೆ ಸೊಂಟದಿಂದ ತಿರುಗುತ್ತ ಪ್ಯಾನ್ ಮಾಡಿ, ಹಿನ್ನೆಲೆ ಗೆರೆಯಾಗಲಿ. ಲೆನ್ಸಿನ ಅಲುಗಾಟ ತಡೆಯುವ ಸ್ಟೆಬಿಲೈಸರಿನಲ್ಲಿ ಪ್ಯಾನಿಂಗ್ ಮೋಡ್ ಇದ್ದರೆ ಅದು ಇರಲಿ, ಇಲ್ಲದಿದ್ದರೆ ಸ್ಟೆಬಿಲೈಸರ್ ಆಫ್. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಮೊದಮೊದಲು ಹತ್ತಕ್ಕೆ ಒಂದು ಬಂದರೂ ಒಳ್ಳೆಯ ಲೆಕ್ಕವೇ.

ಕಾನೂನಿನ ತಕರಾರಿಲ್ಲದೆ ಎಲ್ಲಿ ನಿಲ್ಲಬಹುದು ಎಂಬುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ, ಅದನ್ನು ಬಿಡಬಾರದು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ರೈಲ್ವೆ ಜಾಗಕ್ಕೆ ಅಕ್ರಮವಾಗಿ ಹೋದರೆ 6 ತಿಂಗಳವರೆಗೆ ಸೆರೆ ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳಿ ಮಾತ್ರವಲ್ಲ, ಹಳಿಯ ಪಕ್ಕದ ಕಾಲುದಾರಿಯೂ ರೈಲ್ವೆ ಜಾಗವೇ. ಸಕಲೇಶಪುರ ಘಾಟಿಯಲ್ಲಿ ಹಳಿಯ ಮೇಲೆ ನಡೆಯುವ ಚಾರಣವನ್ನು ನಿಷೇಧಿಸಿರುವುದೂ ಇದಕ್ಕೇ. ಸುರಂಗ, ಸೇತುವೆಗಳ ಮೇಲೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಸಾರ್ವಜನಿಕ ರಸ್ತೆಯ ಮೇಲ್ಸೇತುವೆ, ಗೇಟಿನ ಹೊರಗಿನ ರಸ್ತೆ, ಯಜಮಾನರನ್ನು ಕೇಳಿ ನಿಂತ ಗದ್ದೆಯ ಬದು, ಇವು ಸರಿ. ಪ್ಲಾಟ್‌ಫಾರ್ಮ್ ಟಿಕೆಟ್ 2 ಗಂಟೆಗೆ ಮಾತ್ರ, ಮತ್ತು ಅದು ಒಳಗೆ ಬರಲು ಕೊಟ್ಟ ಚೀಟಿ, ಫೋಟೋ ತೆಗೆಯುವ ಅನುಮತಿಯಲ್ಲ. ಸ್ಟೇಷನ್ ಮಾಸ್ತರರನ್ನು ಮೊದಲೇ ಕಂಡು ಕೇಳಿಕೊಳ್ಳಿ.

ಕೆಂಪು ಅಂಗಿ, ಕೆಂಪು ಚೀಲ ಬೇಡ. ಹಳಿಯ ಬಳಿ ಕೆಂಪು ಬಟ್ಟೆ ಆಡಿದರೂ, ಯಾವುದೇ ವಸ್ತುವನ್ನು ಜೋರಾಗಿ ಬೀಸಿದರೂ ಲೋಕೋ ಪೈಲಟ್ ಅದನ್ನು ಅಪಾಯದ ಸೂಚನೆ ಎಂದೇ ತೆಗೆದುಕೊಳ್ಳಬೇಕು, ಗಾಡಿ ನಿಲ್ಲಿಸಬೇಕು. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್, ಅದು ಹರಿಯಲು ಮುಟ್ಟಲೇಬೇಕೆಂದಿಲ್ಲ. ಮೇಲ್ಸೇತುವೆಯಿಂದ ಮೊನೋಪಾಡ್ ಹೊರಗೆ ಚಾಚುವುದು, ಸೆಲ್ಫಿ ಕೋಲಿನ ತುದಿಗೆ ಕ್ಯಾಮೆರಾ ಕಟ್ಟುವುದು ಸಾವಿಗೆ ಕೈಚಾಚಿದಂತೆ. ಕಾರ್ಬನ್ ಫೈಬರ್ ಕೋಲಿನಲ್ಲೂ ಕರೆಂಟ್ ಹರಿಯುತ್ತದೆ.

ಬಂದರಿನ ವಿಷಯದಲ್ಲಿ ಇನ್ನೂ ಬಿಗಿ. ಒಳಗೆ ಕಾವಲಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಇದೆ. ಬೀಚಿನಿಂದ ದೂರದ ಹಡಗು ತೆಗೆಯಿರಿ, ಅಲೆತಡೆ ಗೋಡೆಯ ಮೇಲೆ ಹತ್ತಬೇಡಿ, ಗೇಟು, ಬೇಲಿ, ಕಾವಲುಗೋಪುರದ ಕಡೆ ಲೆನ್ಸ್ ತಿರುಗಿಸಬೇಡಿ, ಡ್ರೋನ್ ಹಾರಿಸಬೇಡಿ. ಕಾರವಾರದ ಕಡೆ ಹೋದಾಗ ಐಎನ್‌ಎಸ್ ಕದಂಬ ನೌಕಾನೆಲೆಯ ಸುತ್ತ ಕ್ಯಾಮೆರಾ ಚೀಲದೊಳಗೇ ಇರಲಿ. ಹಡಗು ಕಂಡರೂ ತೆಗೆಯಬಾರದು.

ಹೊನ್ನಾವರದ ಶರಾವತಿ ಸೇತುವೆ ಮಾತ್ರ ಒಮ್ಮೆ ಯೋಜನೆ ಹಾಕಿಯೇ ತೆಗೆಯಬೇಕಾದದ್ದು. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ ಸೇತುವೆ, 2 ಕಿ.ಮೀ.ಗೂ ಹೆಚ್ಚು. ಹೆದ್ದಾರಿ ಸೇತುವೆಗಿಂತ ಮೂಡಕ್ಕಿದೆ, ಆದ್ದರಿಂದ ಕಡಲ ಬದಿಯಿಂದ ನೋಡುವವರಿಗೆ ಸಂಜೆಯ ಬೆಳಕು. ಹೆದ್ದಾರಿ ಸೇತುವೆಯ ಮೇಲೆ ವಾಹನ ನಿಲ್ಲಿಸಬೇಡಿ, ದಡದಿಂದಲೇ ತೆಗೆಯಿರಿ.

ಲಂಗರುದಾಣ

ಎರಡನೆಯದಕ್ಕೆ ನನ್ನ ಉತ್ತರ. ದೊಡ್ಡ ಹಡಗುಗಳೆಲ್ಲ ಎಐಎಸ್ ಎಂಬ ರೇಡಿಯೋ ಸಂಕೇತದಲ್ಲಿ ತಮ್ಮ ಹೆಸರು, ಜಾಗ, ದಿಕ್ಕು ಕಳಿಸುತ್ತಲೇ ಇರುತ್ತವೆ. ಅದನ್ನು ನಕ್ಷೆಯಲ್ಲಿ ತೋರಿಸುವ ಆ್ಯಪ್‌ಗಳಿವೆ, ಉಚಿತ ಆವೃತ್ತಿ ಸಾಕು. ಎರಡು ಎಚ್ಚರ. ಲಂಗರು ಹಾಕಿದ ಹಡಗು ತನ್ನ ಜಾಗವನ್ನು 3 ನಿಮಿಷಕ್ಕೊಮ್ಮೆ ಮಾತ್ರ ಹೇಳುತ್ತದೆ, ಹಾಗಾಗಿ ಹೊರಟ ತಕ್ಷಣ ನಕ್ಷೆಯಲ್ಲಿ ಅಲುಗುವುದಿಲ್ಲ. ಮತ್ತೆ, ಅಲ್ಲಿ ಕಾಣುವ ‘ತಲುಪುವ ಸಮಯ’ವನ್ನು ಹಡಗಿನ ಸಿಬ್ಬಂದಿ ಕೈಯಾರೆ ತುಂಬಿರುತ್ತಾರೆ, ಎಷ್ಟೋ ಸಲ ಹಳೆಯದೇ ಉಳಿದಿರುತ್ತದೆ. ಅದನ್ನು ನಂಬಿ ಬೆಳಗ್ಗೆ 5ಕ್ಕೆ ಹೊರಡಬೇಡಿ. ಪೈಲಟ್ ಬೋಟ್ (ಹಡಗನ್ನು ಬಂದರಿನೊಳಗೆ ನಡೆಸುವ ಪೈಲಟ್ ಹೋಗುವ ದೋಣಿ), ಹಡಗು ಎಳೆಯುವ ಟಗ್‌ಗಳು ಬಂದರಿನ ಬಾಯಿಯಿಂದ ಹೊರಟದ್ದು ಕಂಡರೆ ಅದು ಗಟ್ಟಿ ಸೂಚನೆ.

ಹಡಗಿನ ಕಂಬದ ಮೇಲಿನ ಬಾವುಟ ಓದಲು ಕಲಿಯಿರಿ. ಹಳದಿ–ನೀಲಿ ಲಂಬ ಪಟ್ಟೆ ಇದ್ದರೆ ಪೈಲಟ್ ಬೇಕೆಂದು ಕೇಳುತ್ತಿದೆ. ಅರ್ಧ ಬಿಳಿ, ಅರ್ಧ ಕೆಂಪು ಇದ್ದರೆ ಪೈಲಟ್ ಹತ್ತಿಯಾಗಿದೆ, ಕ್ಯಾಮೆರಾ ಕೈಗೆ ತೆಗೆದುಕೊಳ್ಳಿ. ಬಾಲ ಸೀಳಿದ ಇಡೀ ಕೆಂಪು ಬಾವುಟ ಅಪಾಯಕಾರಿ ಸರಕಿನದು. ಅನಿಲ, ಕಚ್ಚಾತೈಲ ಬರುವ ನಮ್ಮ ಬಂದರಿನಲ್ಲಿ ಇದು ಮಾಮೂಲಿ.

ದಾಖಲೆಗೆ ಹೆಸರು ಮಾತ್ರ ಬರೆದರೆ ಉಪಯೋಗವಿಲ್ಲ, ಮಾಲೀಕರು ಬದಲಾದಂತೆ ಹಡಗಿನ ಹೆಸರೂ ಬದಲಾಗುತ್ತದೆ. ಹಡಗಿಗೆ ಕೊಟ್ಟ 7 ಅಂಕಿಯ ಅಂತಾರಾಷ್ಟ್ರೀಯ ಗುರುತು, ಅಂದರೆ ಐಎಂಒ ಸಂಖ್ಯೆ, ಹಡಗು ಒಡೆಯುವವರೆಗೂ ಒಂದೇ. ಹಿಂಭಾಗದಲ್ಲೋ ಪಕ್ಕದಲ್ಲೋ ಬರೆದಿರುತ್ತದೆ. ಮಸುಕಾದ ಚಿತ್ರದಿಂದ ಓದಿದ ಸಂಖ್ಯೆ ಸರಿಯೇ ಎಂದು ಪರೀಕ್ಷಿಸಲೂ ಬರುತ್ತದೆ. ಮೊದಲ ಆರು ಅಂಕಿಗಳನ್ನು ಸಾಲಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, ಮೊತ್ತದ ಕೊನೆಯ ಅಂಕಿ ಏಳನೆಯ ಅಂಕಿಯೇ ಆಗಿರಬೇಕು. 9074729 ತೆಗೆದುಕೊಳ್ಳಿ: 63 + 0 + 35 + 16 + 21 + 4 = 139. ಕೊನೆಯದು 9, ಸರಿ. 3 ಮತ್ತು 8 ನಡುವೆ ಗೊಂದಲವಾದಾಗ 1, 3, 5, 7ನೆಯ ಅಂಕಿಯಲ್ಲಿ ಇದು ಕೈಹಿಡಿಯುತ್ತದೆ, 2, 4, 6ನೆಯದರಲ್ಲಿ ಎರಡೂ ಸರಿಹೊಂದುವುದರಿಂದ ಆಗದು.

ಹಳಿಬದಿ

ದಾಖಲೆಯ ಮಾತು ಬಂದದ್ದಕ್ಕೆ ರೈಲಿನದೂ ಸೇರಿಸುತ್ತೇನೆ. ಎಂಜಿನ್ ಸಂಖ್ಯೆ, ಪಕ್ಕದಲ್ಲಿ ಬರೆದ ಶೆಡ್ಡಿನ (ಎಂಜಿನ್ ನಿರ್ವಹಣೆಯ ಜಾಗ) ಹೆಸರು, ಗಾಡಿ ಸಂಖ್ಯೆ, ತಾರೀಖು, ಜೊತೆಗೆ ಹತ್ತಿರದ ಕಂಬದ ಸಂಖ್ಯೆ. ಕಂಬದ ಮೇಲೆ ಕಿಲೋಮೀಟರ್ ಮತ್ತು ಆ ಕಿಲೋಮೀಟರಿನೊಳಗಿನ ಕಂಬದ ಕ್ರಮ ಎರಡೂ ಇರುತ್ತವೆ, ಹತ್ತು ವರ್ಷದ ಮೇಲೂ ನಿಂತ ಜಾಗ ಕರಾರುವಾಕ್ಕಾಗಿ ಸಿಗುತ್ತದೆ. ಎಂಜಿನ್ ಮಾದರಿ ಡಬ್ಲ್ಯುಎಪಿ-7ರಲ್ಲಿ ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಎ ಎಂದರೆ ಎಸಿ ವಿದ್ಯುತ್, ಪಿ ಎಂದರೆ ಪ್ರಯಾಣಿಕ ಗಾಡಿ. ಪಿ ಬದಲು ಜಿ ಇದ್ದರೆ ಗೂಡ್ಸ್, ಎ ಬದಲು ಡಿ ಇದ್ದರೆ ಡೀಸೆಲ್. ಪ್ರಯಾಣಿಕ ಗಾಡಿ ಎಲ್ಲಿದೆ ಎಂದು ಎನ್‌ಟಿಇಎಸ್ ಆ್ಯಪಿನಲ್ಲಿ ಸಿಗುತ್ತದೆ, ಗೂಡ್ಸ್ ಮತ್ತು ರೋರೋ ಅದರಲ್ಲಿ ಬರುವುದಿಲ್ಲ, ಕಾಯಲೇಬೇಕು.

ಉಪ್ಪುನೀರು

ಕರಾವಳಿಯವರು ಮರೆಯಬಾರದ ಒಂದು ವಿಷಯ ಮಾತ್ರ. ಎಸಿ ಕೋಣೆಯಿಂದಲೋ ಕಾರಿನಿಂದಲೋ ನೇರ ಬೀಚಿಗೆ ಇಳಿದರೆ ಲೆನ್ಸ್ ಮೇಲೆ ಬೆವರು ಕಟ್ಟುತ್ತದೆ. ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಬೆವರಿದ್ದಾಗ ಲೆನ್ಸ್ ಬಿಚ್ಚಬೇಡಿ. ಉಪ್ಪಿನ ಹನಿ ಒಣಗಿದ ಮೇಲೆ ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಗಾಜಿಗೆ ಲೆನ್ಸ್ ಟಿಶ್ಯೂ. ಟ್ರೈಪಾಡಿನ ಕಾಲುಗಳನ್ನು ಅದೇ ದಿನ ನಲ್ಲಿ ನೀರಿನಲ್ಲಿ ತೊಳೆದು, ಬಿಚ್ಚಿ ಒಣಗಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಡಲೇಬೇಡಿ, ಬೂಷ್ಟು ಅಲ್ಲಿಂದಲೇ ಶುರು. ಗಾಳಿಯಾಡದ ಅಡುಗೆ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ, ತೇವ 40ರಿಂದ 50 ಶೇಕಡಾ. 30ಕ್ಕಿಂತ ಕೆಳಗೆ ಇಳಿಸಿದರೂ ಒಳಗಿನ ಎಣ್ಣೆ, ರಬ್ಬರ್ ಒಣಗುತ್ತವೆ. ಜೆಲ್ಲಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಬಹುದು. ಆ ಬಾಣಲೆ ಅಡುಗೆಗೆ ಬೇಡ.